ಪರದೆಯ ಹಿಂದಿನ ರೀಪ್ಲೇ

ಗುರುಸಂಗಪ್ಪನವರದು ಕೊಟ್ಟೂರಿನಲ್ಲಿ ಕೇಬಲ್ ಟಿವಿ ಧಂದೆ, ನಾನು ಅವರಲ್ಲಿ ಕೆಲಸದ ಹುಡುಗ. ಪಂದ್ಯ ನೇರ ಪ್ರಸಾರ ಮಾಡಬೇಕೆಂದರೆ ಹಲವು ಕ್ಯಾಮೆರಾಗಳ ಚಿತ್ರ ಬದಲಿಸಿ ತೋರಿಸುವ ವಿಡಿಯೋ ಮಿಕ್ಸರ್ ದಾವಣಗೆರೆಯಿಂದ ಬಾಡಿಗೆಗೆ ಬರುತ್ತಿತ್ತು. ಅದರ ಜೊತೆಗೆ ಬರುವ ಆಪರೇಟರ್ ಕೂಲಿಂಗ್ ಗ್ಲಾಸ್ ಹಾಕಿಕೊಂಡು ಕೂತುಬಿಟ್ಟರೆ ನಾನು ವೈರು ಎಳೆಯಬೇಕು, ಚಹಾ ತರಬೇಕು. ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಇನ್ನೇನು ಬರುತ್ತದೆ ಅಂತ ಅವನ ಲೆಕ್ಕ. ಹಲ್ಲು ಕಚ್ಚಿಕೊಂಡೇ ಇದ್ದೆ. 2009ರಲ್ಲಿ ಸಾಕೆನಿಸಿತು.

ದಾರಿ ತೋರಿಸಿದವಳು ಕೂಡ್ಲಿಗಿಯಲ್ಲಿ ಇಂಟರ್‌ನೆಟ್ ಸೆಂಟರ್ ನಡೆಸುವ ರೇಖಾ.

“ಇದು ಕಂಪ್ಯೂಟರಿನಾಗ ಲಿನಕ್ಸ್ ಮ್ಯಾಲೆ ಓಡೋ ಮಿಕ್ಸರ್ ಹುಲುಗೇಶ. ರೊಕ್ಕ ಇಲ್ಲ. ಒಳಗಿನ ಬರಹಾನೂ ತೆರೆದಿಟ್ಟಾರ, ಯಾರು ಬೇಕಾದ್ರೂ ತಿದ್ದಬೌದು.”

“ಬಿಟ್ಟಿ ಕೊಟ್ಟಿದ್ದು ಕೆಲಸ ಮಾಡತೈತೇನು?”

“ಮಾಡದಿದ್ರ ಬೈಯಾಕ ನೀ ಅದಿಯಲ್ಲ!”

ಬೈದೆ. ಎರಡು ಹಳೇ ಕಂಪ್ಯೂಟರ್ ಜೋಡಿಸಿದರೆ ಒಂದು ಕ್ಯಾಮೆರಾದ ಚಿತ್ರ ಹಸಿರಾಗಿ ಬಂತು. ಇನ್ನೊಂದರದ್ದು ಬರಲೇ ಇಲ್ಲ. ನಿಧಾನಗತಿಯ ರೀಪ್ಲೇ ಒತ್ತಿದೊಡನೆ ಇಡೀ ಪ್ರೋಗ್ರಾಮೇ ಸತ್ತುಬೀಳುತ್ತಿತ್ತು. ರೇಖಾ ಇಂಟರ್‌ನೆಟ್ಟಿನಲ್ಲಿ ಪ್ರಶ್ನೆ ಹಾಕಿದರೆ ಯಾವುದೋ ದೇಶದವನು ಉತ್ತರ ಬರೆಯುತ್ತಿದ್ದ. ನಾನು ಒಂದೊಂದೇ ಅಕ್ಷರ ನೋಡಿ ಕುಟ್ಟುತ್ತಿದ್ದೆ. ಇಂಗ್ಲಿಷು ಬಾರದು, ಆದರೆ ಯಾವ ಸಾಲು ಬಂದರೆ ಕೆಟ್ಟಿದೆ ಅಂತ ಗುರುತು ಸಿಕ್ಕಿತ್ತು. ಕೊನೆಗೊಂದು ದಿನ ರೀಪ್ಲೇ ಒತ್ತಿದಾಗ, ಬೀದಿಯಲ್ಲಿ ಚಿತ್ರ ಹಿಡಿದಿದ್ದ ಹೋರಿಯೊಂದು ಪರದೆಯ ಮೇಲೆ ನಿಧಾನವಾಗಿ ಬಾಲ ಬೀಸಿತು. ಇಬ್ಬರೂ ಕೂಗಿಕೊಂಡೆವು.

“ಕಬಡ್ಡಿ ಫೈನಲ್ ನಿಂಗ ಕೊಡ್ತೀನಿ. ಕೆಡಿಸಿದ್ಯೋ, ಮತ್ತ ದಾವಣಗೇರಿಯವಂಗ ಚಾ ತರೋದ ನಿನ್ ಕೆಲಸ” ಎಂದರು ಗುರುಸಂಗಪ್ಪ.

ಫೈನಲ್ ಹೊಸಹಳ್ಳಿಗೂ ಅರಸೀಕೆರೆಗೂ. ಅಂಕಣದ ಪಕ್ಕ ಎರಡು ಗಳ ನೆಟ್ಟು ಬಿಳಿ ಬಟ್ಟೆ ಬಿಗಿದೆ, ಪ್ರೊಜೆಕ್ಟರ್ ಇಟ್ಟೆ. ಬಯಲಿನಲ್ಲಿ ಪರದೆ ಕಟ್ಟಿದರೆ ಎರಡೂ ಕಡೆ ಜನ ಕೂರುವುದು ನಮ್ಮಲ್ಲಿ ರೂಢಿ. ಪ್ರೊಜೆಕ್ಟರಿನ ಕಡೆ ಹೊಸಹಳ್ಳಿಯವರು ಕೂತರು, ಬಟ್ಟೆಯ ಹಿಂದೆ ಅರಸೀಕೆರೆಯವರು.

ಹೊತ್ತು ಮುಳುಗಿತು. ಕ್ಯಾಮೆರಾ ಬದಲಿಸುವುದು ನೀರು ಕುಡಿದಷ್ಟು ಸಲೀಸಾಗಿತ್ತು. ಅಂಕ ಸಮ ಇದ್ದಾಗ ಹೊಸಹಳ್ಳಿಯ ದಾಳಿಗಾರ ಒಬ್ಬನನ್ನು ಮುಟ್ಟಿ ಗೆರೆ ದಾಟಿ ಬಂದ. ಮುಟ್ಟಿದ್ದು ಎಡಮೂಲೆಯ ಹೊನ್ನೂರಸ್ವಾಮಿಯನ್ನು ಎಂದ. ಹೊನ್ನೂರಸ್ವಾಮಿ ಅರಸೀಕೆರೆಯ ಬಲಗೈ, ಅವನು ಹೊರಹೋದರೆ ಆಟ ಹೋದಂತೆಯೇ. ಅವರ ಕಡೆಯವರು ಒಪ್ಪಲಿಲ್ಲ, ಬಲಮೂಲೆಯವನನ್ನು ಮುಟ್ಟಿದ್ದು ಎಂದರು. ಅಂಪೈರ್ ವೀರಭದ್ರಯ್ಯನವರಿಗೆ ಕಾಲುಗಳ ನಡುವೆ ಏನೂ ಕಂಡಿರಲಿಲ್ಲ.

“ಹಾಕಲೇ ರೀಪ್ಲೇ!” ಎಂದರು.

ಹಾಕಿದೆ. ಕೈ ನಿಧಾನವಾಗಿ ಚಾಚಿ ಮೊಣಕಾಲಿಗೆ ತಗುಲಿತು. ಮುಖ ಮಸುಕು, ಮೂಲೆ ಮಾತ್ರ ಸ್ಪಷ್ಟ.

“ಎಡಕ್ಕ!” ಎಂದಿತು ಈ ಕಡೆ.

“ಬಲಕ್ಕ! ನಾವೇನು ಕುರುಡರೇನು?” ಎಂದು ಆ ಕಡೆ ಎದ್ದುನಿಂತಿತು. ಒಂದು ಕಲ್ಲು ಬಂದು ಗಳಕ್ಕೆ ಬಡಿಯಿತು.

ಗುರುಸಂಗಪ್ಪ ನನ್ನ ಭುಜ ಹಿಡಿದರು. “ಬಿಟ್ಟಿ ಸಾಮಾನು, ಬಿಟ್ಟಿ ಆಟ. ಬಂದ್ ಮಾಡಲೇ! ನಾಳಿನ ವಾಲಿಬಾಲ್ ಪಂದ್ಯಕ್ಕ ದಾವಣಗೇರಿಯವಂಗ ಫೋನ್ ಮಾಡ್ತೀನಿ.”

“ಮುಟ್ಟಬ್ಯಾಡ್ರಿ!” ಎಂದು ಕೊಸರಿಕೊಂಡು ಪರದೆಯ ಹಿಂದಕ್ಕೆ ನಡೆದೆ. ಬೈಗುಳ ಬಿದ್ದವು. ತಿರುಗಿ ಬಟ್ಟೆ ನೋಡಿದೆ. ಅವರು ಸುಳ್ಳು ಹೇಳಿರಲಿಲ್ಲ. ಅಲ್ಲಿ ಎಡ ಬಲವಾಗಿತ್ತು, ಬಲ ಎಡವಾಗಿತ್ತು.

ಓಡಿಬಂದೆ. ಚಿತ್ರ ಮಗುಚುವ ಆಜ್ಞೆ ಇದರಲ್ಲಿತ್ತು. ಆದರೆ ಸುಮ್ಮನೆ ಮಗುಚಿದರೆ ಮೋಸ ಎನ್ನುತ್ತಾರೆ. ಮೊದಲು ಅಂಕಣದ ಕ್ಯಾಮೆರಾವನ್ನೇ ನೇರ ಹಾಕಿ ಮೈಕ್ ಹಿಡಿದೆ.

“ಹೊನ್ನೂರಸ್ವಾಮಣ್ಣ, ನಿನ್ ಜಾಗದಾಗ ನಿಂತು ಕೈ ಎತ್ತು. ಹಿಂದಿನವ್ರು ಒಮ್ಮೆ ಅಂಕಣ ನೋಡ್ರಿ, ಒಮ್ಮೆ ಬಟ್ಟಿ ನೋಡ್ರಿ!”

ಅವನು ಎಡಮೂಲೆಯಲ್ಲಿ ಕೈ ಎತ್ತಿದ. ಹಿಂದಿನವರ ಬಟ್ಟೆಯಲ್ಲಿ ಬಲಮೂಲೆಯವನು ಎತ್ತಿದ. ಗಲಾಟೆ ತಟ್ಟನೆ ನಿಂತಿತು.

“ಅಯ್ಯ, ನಮ್ ಸ್ವಾಮಿ ಅತ್ಲಾಗ ಯಾವಾಗ ಹೋದ್ನೋ!” ಎಂದು ಯಾರೋ ನಕ್ಕರು.

“ಈಗ ನಿಮಗ ಸರಿ ಕಾಣಂಗ ತಿರುವಿ ಹಾಕ್ತೀನಿ. ಹೊಸಹಳ್ಳಿಯವ್ರು ಕಣ್ಣು ಮುಚ್ಚಿಕೊಂಡು ಕೂಡ್ರಿ!”

“ಯಾಕಲೇ, ನಾವೇನು ಸೀರಿ ಉಡಾಕತ್ತೀವೇನು?” ಎಂದೊಬ್ಬ ಕೂಗಿದ. ಮಗುಚಿ ಒತ್ತಿದೆ. ಕೈ ಚಾಚಿತು, ತಗುಲಿತು. ಹಿಂದಿನವರಿಗೂ ಈಗ ಅದು ಎಡಮೂಲೆಯೇ. ವೀರಭದ್ರಯ್ಯ ಸೀಟಿ ಊದುವ ಮೊದಲೇ ಹೊನ್ನೂರಸ್ವಾಮಿ ಮಣ್ಣು ಕೊಡವಿಕೊಂಡು ಗೆರೆಯಾಚೆ ಹೋಗಿ ಕೂತ.

ಗುರುಸಂಗಪ್ಪ ಮೊಬೈಲ್ ಕಿವಿಗೆ ಹಿಡಿದಿದ್ದರು. “ಬ್ಯಾಡಪಾ, ನಾಳಿಗೆ ನೀ ಬರೂದು ಬ್ಯಾಡ. ಇಲ್ಲೇ ಹುಡುಗ ಅದಾನ.”

“ಹುಡುಗ ಅಲ್ರಿ, ಆಪರೇಟರ್ ಅನ್ರಿ” ಎಂದೆ. ಅವರು ನನ್ನ ಮುಖ ನೋಡಿದರು, ಫೋನಿನಲ್ಲಿ ಹಾಗೇ ಹೇಳಿದರು. ಅಷ್ಟರಲ್ಲಿ ಮುಂದಿನ ದಾಳಿ ಶುರುವಾಗಿತ್ತು. ಎರಡನೇ ಕ್ಯಾಮೆರಾ ಒತ್ತಿದೆ.