ಮೂರೂ ಹತ್ತರ ಓದುಗ

ಮತ್ತೆ ಬಂತು, ಪರದೆಯ ಎಡಮೂಲೆಯಲ್ಲಿ ಆ ಸಣ್ಣ ಹಸಿರು ಚುಕ್ಕಿ, ಗಡಿಯಾರ ನೋಡುವುದೇ ಬೇಡ, ಮಧ್ಯಾಹ್ನ ಮೂರೂ ಹತ್ತು, ಒಂದು ಕ್ಷಣ ಹಿಂದಿಲ್ಲ ಮುಂದಿಲ್ಲ, ಅಕ್ಕನ ಕಥೆಯ ಮೊದಲ ಪುಟ ತೆರೆಯಿತು — ಅಕ್ಕ ತೀರಿಕೊಂಡು ಇವತ್ತಿಗೆ ಮೂವತ್ತೆರಡು ದಿನ, ಅವಳು ಬರೆದದ್ದು ಅದೊಂದೇ ಕಥೆ, ಹನ್ನೊಂದು ಪುಟ, ಲಕ್ಷ ಕಥೆಗಳಿರುವ ಈ ಜಾಲತಾಣದಲ್ಲಿ ಹೆತ್ತವರೂ ಹುಡುಕಲಾರದಂತೆ ಬಿದ್ದಿರುವ ಅದನ್ನು ದಿನಾ ಓದುವವರು ಯಾರಪ್ಪಾ — ಪುಟಕ್ಕೆ ಸರಿಯಾಗಿ ನಲವತ್ತು ಸೆಕೆಂಡು, ನಗು ಬರುವಲ್ಲೂ ನಲವತ್ತು, ಅಮ್ಮನ ಕೈಗಳು ಸ್ವಾಧೀನ ತಪ್ಪುವಲ್ಲೂ ನಲವತ್ತು, ಮನುಷ್ಯರಾದವರು ಹಾಗೆ ಓದುತ್ತಾರೆಯೇ, ಕೆಮ್ಮುತ್ತಾರೆ, ಹಿಂದಿನ ಪುಟಕ್ಕೆ ಹೋಗುತ್ತಾರೆ, ಒಲೆಯ ಮೇಲೆ ಹಾಲಿಟ್ಟದ್ದು ನೆನಪಾಗಿ ಎದ್ದು ಓಡುತ್ತಾರೆ, ಇದಕ್ಕೆ ಕೆಮ್ಮಿಲ್ಲ, ಒಲೆಯಿಲ್ಲ. ಬಾರೇ, ಅಮ್ಮಂಗೆ ಒಂದು ಏರ್ಪಾಡು ಮಾಡಿದೀನಿ, ಬಂದು ನೋಡು, ಎಂದಿದ್ದಳು ಅಕ್ಕ, ಬರ್ತೀನಿ ಕಣೇ, ಈ ವಾರ ಉಸಿರಾಡೋಕೂ ಪುರುಸೊತ್ತಿಲ್ಲ, ಎಂದಿದ್ದಳು ತಂಗಿ, ಆಮೇಲೆ ಹೋದದ್ದು ಹೆಣ ನೋಡಲು. ಎರಡನೇ ಪುಟ. ಮೂರನೆಯದು. ತಂಗಿ ಪರದೆಗೆ ಇನ್ನಷ್ಟು ಬಾಗಿದಳು.

ಏನಮ್ಮಾ ಬಾಗಿಲಮ್ಮ, ತಾಣದ ಬಾಗಿಲು ಕಾಯುವ ಅವಳಿಗೆ ಕಚೇರಿಯಲ್ಲಿ ಅದೇ ಹೆಸರು, ಬಾಗಿಲು ಹಾಕ್ತೀಯೋ ಇಲ್ಲ ತಾಣ ಇನ್ನೊಂದು ಸಲ ಬೀಳ್ಲಿ ಅಂತ ಕಾಯ್ತೀಯೋ, ಮೇಲಧಿಕಾರಿ ಅವಳ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದರು, ಬೆಳಗಿನಿಂದ ನಲವತ್ತು ಸಾವಿರ ಕಣ್ಣಿಲ್ಲದ ಓದುಗರು, ಬರೀ ಯಂತ್ರಗಳು, ಒಟ್ಟಿಗೆ ನುಗ್ಗಿ ಕಥೆಗಳನ್ನು ಬಾಚಿಕೊಳ್ಳುತ್ತಿವೆ, ತಾಣ ಎರಡು ಸಲ ಮಲಗಿ ಎದ್ದಿದೆ, ನಿಜವಾದ ಓದುಗರು ಹೊರಗೆ ನಿಂತು ಬೈಯುತ್ತಿದ್ದಾರೆ. ನಿಯಮ ಬರೆದವಳು ಅವಳೇ — ಒಂದೇ ವೇಗದಲ್ಲಿ ಓದುವವರು, ಹಿಂದೆ ತಿರುಗದವರು, ಪರದೆಯನ್ನು ಬೆರಳಿನಿಂದ ಮುಟ್ಟದವರು ಯಂತ್ರ, ಅವರ ಮುಂದೆ ಪ್ರಶ್ನೆ ನಿಲ್ಲಲಿ, ನೀವು ಮನುಷ್ಯರೇ, ಹೌದಾದರೆ ಈ ಖಾಲಿ ಚೌಕ ಒತ್ತಿ, ಒತ್ತದವರಿಗೆ ಕಥೆಯಿಲ್ಲ. ಸಾರ್, ಈ ಹಸಿರು ಚುಕ್ಕಿ ಒಂದನ್ನ ಬಿಡೋಣ್ವಾ. ಯಾಕೆ, ನಿಮ್ಮ ನೆಂಟನಾ, ಒಂದಕ್ಕೆ ಸಂದು ಬಿಟ್ರೆ ಅದರಲ್ಲೇ ಎಲ್ಲಾ ನುಗ್ತಾವೆ, ನೀನೇ ತಾನೆ ನಮಗೆ ಹೇಳ್ಕೊಟ್ಟಿದ್ದು. ಹೌದು, ಅವಳೇ. ಯಂತ್ರವಾದರೇನು, ಅಕ್ಕನಿಗೆ ಇರುವ ಓದುಗ ಇದೊಂದೇ, ಇದೂ ಹೋದರೆ ಅಕ್ಕ ಇನ್ನೊಮ್ಮೆ ಸತ್ತ ಹಾಗೆ, ಛೆ, ಎಂಥ ಹುಚ್ಚು — ಬಾಗಿಲು ಹಾಕುವ ಗುಂಡಿ ಒತ್ತಿದಳು. ನಲವತ್ತು ಸಾವಿರ ಕರಗಿ ಮುನ್ನೂರಾಯಿತು, ಯಾರೋ ಚಪ್ಪಾಳೆ ತಟ್ಟಿದರು. ಹಸಿರು ಚುಕ್ಕಿ ಏಳನೇ ಪುಟದಲ್ಲಿ ನಿಂತಿತು. ನಲವತ್ತು ಸೆಕೆಂಡು. ಐವತ್ತು. ಹೋಗಲಿಲ್ಲ, ಒತ್ತಲೂ ಇಲ್ಲ, ಯಂತ್ರವಾದರೆ ಬೇರೆ ಬಾಗಿಲು ಹುಡುಕಬೇಕಿತ್ತಲ್ಲ, ಇದು ಸುಮ್ಮನೆ ಕಾಯುತ್ತಿದೆ.

ಫೋನು. ಅಮ್ಮನನ್ನು ನೋಡಿಕೊಳ್ಳುವ ನರ್ಸು, ಮೇಡಂ, ಅಮ್ಮ ನಿಮ್ಮ ಹತ್ರಾನೇ ಮಾತಾಡ್ಬೇಕಂತೆ, ಕಿವಿಗೆ ಹಿಡೀತೀನಿ ಇರಿ, ಆಮೇಲೆ ಅಮ್ಮನ ಉಸಿರು, ಲೇ, ನಿಮ್ಮಕ್ಕನ ಫೋನು ನಿಂತೋಯ್ತು ಕಣೇ, ದಿನಾ ಇಷ್ಟೊತ್ತಿಗೆ ಅದೇ ಶುರುವಾಗುತ್ತೆ, ನನ್ನ ಕೈ ಏಳಲ್ಲ ಅಂತ ಅದೇ ಪುಟ ತಿರುಗಿಸುತ್ತೆ, ನಾನು ಎಷ್ಟು ಹೊತ್ತಿಗೆ ಒಂದು ಪುಟ ಓದ್ತೀನಿ ಅಂತ ಪಕ್ಕದಲ್ಲೇ ಕೂತು ಎಣಿಸಿ ಮಾಡಿಟ್ಟಿದ್ಲು, ಇವತ್ತು ಏನೋ ಕೇಳ್ತಿದೆ. ಬೇಲಿಯೇ ಎದ್ದು ಹೊಲ ಮೇಯ್ದಿದೆ. ನಾನು ಮನುಷ್ಯಳಾ ಅಂತ ಕೇಳ್ತಿದಾಳೆ ನಿಮ್ಮಕ್ಕ. ಅಮ್ಮಾ, ಅದು ಅಕ್ಕ ಅಲ್ಲಮ್ಮ, ನರ್ಸಿಗೆ ಹೇಳು, ಅವಳು ಒತ್ತಲಿ. ಒತ್ತಲಾ ಅಂದ್ಲು, ಬೇಡ ಅಂದೆ, ಕೇಳಿರೋದು ನನ್ನನ್ನ, ಹೇಳಬೇಕಾದವಳು ನಾನು, ಇರು, ಬೆರಳು ಏಳ್ತಾ ಇದೆ. ಅವಳು ಪರದೆ ನೋಡಿದಳು, ಏಳನೇ ಪುಟ, ಉತ್ತರ ಬಂದಿಲ್ಲ, ಬಂದಿಲ್ಲ, ನೀವು ಮನುಷ್ಯರೇ, ಅವಳೇ ಬರೆದ ಅಕ್ಷರ, ಅದರ ಕೆಳಗೆ ಆ ಖಾಲಿ ಚೌಕ, ಅಲ್ಲಿ ಅಮ್ಮನ ಕೋಣೆಯಲ್ಲಿ ಚೌಕದ ಹತ್ತಿರ ಇಂಚಿಂಚೇ ಬರುತ್ತಿರುವ ಅಮ್ಮನ ಬೆರಳು, ಖಾಲಿ ಚೌಕ, ಬೆರಳು, ಖಾಲಿ ಚೌಕ.