ಎಲ್ಲಿಗೆ ಎಂದು ಕೇಳದ ಸ್ಟೀರಿಯೊ

ನಾನು ಒಂದು ಕಾರ್ ಸ್ಟೀರಿಯೊ. ಹಾಡು ಹೇಳುವುದು, ದಾರಿ ತೋರಿಸುವುದು, ಇವೆರಡೇ ನನ್ನ ಕಸುಬು. ಕಥೆಗಳಲ್ಲಿ ರಾಜಕುಮಾರಿಯರು ಏಳು ಸಮುದ್ರದಾಚೆ ಹುಟ್ಟುತ್ತಾರೆ. ನಾನು ಅಗ್ಗದ ಮಾಲು ನೋಡಿ, ಒಂದೇ ಸಮುದ್ರದಾಚೆ ಹುಟ್ಟಿದೆ. ಉದ್ದನೆಯ ಕೋಣೆ, ಹಾಲಿನಂಥ ಬೆಳಕು, ಸಾಲಾಗಿ ಕೂತ ಹೆಣ್ಣುಮಕ್ಕಳು. ಒಬ್ಬಳು ನನ್ನೊಳಗೆ ಹಸಿರು ಹಲಗೆ ಕೂರಿಸಿದಳು. ಇನ್ನೊಬ್ಬಳು ತಂತಿಗಳನ್ನು ಜಡೆ ಹಾಕಿದಂತೆ ಹೆಣೆದಳು. ಕೊನೆಯವಳು ನನ್ನ ಗಾಜಿನ ಮುಖ ಒರೆಸಿ, ಮೂಲೆಯಲ್ಲಿ ಉಳಿದ ಒಂದು ಕಣ ಧೂಳನ್ನು ಉಫ್ ಎಂದು ಊದಿದಳು. ನನಗೆ ಜೀವ ಬಂದದ್ದು ಕರೆಂಟಿನಿಂದಲ್ಲ, ಆ ಉಸಿರಿನಿಂದ ಎಂದೇ ನಾನು ನಂಬಿದ್ದೇನೆ.

ಹಡಗು, ಲಾರಿ, ಕತ್ತಲೆ. ಮತ್ತೆ ಕಣ್ಣು ಬಿಟ್ಟಾಗ ನಾನು ಗದಗದಲ್ಲಿದ್ದೆ, ದಸ್ತಗೀರಸಾಬರ ಅಂಗಡಿಯ ಕಪಾಟಿನಲ್ಲಿ. ಕಾರಿನ ಸೀಟಿಗೆ ಕವರು ಹೊಲಿಯುವ, ಹಾರ್ನು ಹಾಕುವ, ಸ್ಟೀರಿಯೊ ಕೂರಿಸುವ ಅಂಗಡಿ ಅದು. ಮೆಹಂದಿ ಗಡ್ಡದ ಸಾಬರು ಬೆಳಿಗ್ಗೆ ಬಾಗಿಲು ತೆಗೆದೊಡನೆ ಲೋಬಾನದ ಹೊಗೆ ಹಿಡಿದು ಕಪಾಟಿನ ಉದ್ದಕ್ಕೂ ನಡೆಯುತ್ತಿದ್ದರು. ಹೊಗೆಗೆ ಅಗ್ಗ, ತುಟ್ಟಿ ಎಂಬ ಭೇದವಿರಲಿಲ್ಲ.

ಭೇದವಿದ್ದದ್ದು ಕಪಾಟಿಗೆ. ನನ್ನ ಪಕ್ಕದಲ್ಲಿ, ಮಖಮಲ್ಲಿನ ಹಾಸಿನ ಮೇಲೆ ಅಂಗಡಿಯ ಅತಿ ತುಟ್ಟಿ ಸ್ಟೀರಿಯೊ, ದುಬಾರಿಯಕ್ಕ, ಕೂತಿದ್ದಳು. ಅಗಲವಾದ ಮುಖ, ನವಿಲುಗರಿಯಂತೆ ಮಿನುಗುವ ಬಣ್ಣ. ಅವಳ ದನಿ ಕೇಳಿದರೆ ಬೆಲ್ಲವೂ ಕರಗಬೇಕು. ನನಗಂತೂ ಹೊಟ್ಟೆಕಿಚ್ಚಾಗಲಿಲ್ಲ. ಅಂಥ ಚೆಲುವೆಯ ನೆರೆಯಲ್ಲಿರುವುದೇ ಒಂದು ಹಬ್ಬ.

ಒಂದು ದಿನ ಸುವರ್ಣಾ ಬಂದಳು, ಜೊತೆಗೆ ಗಂಡ ವೀರೇಶ. ಅವನದು ಹಿಟ್ಟಿನ ಗಿರಣಿ. ಹುಬ್ಬಿನ ಮೇಲೂ ಜೋಳದ ಹಿಟ್ಟಿತ್ತು. ಅವಳು ವರ್ಷಗಟ್ಟಲೆ ಕಾಯಿಪಲ್ಲೆಯ ಟಂಟಂ ಆಟೋ ಓಡಿಸಿ, ಈಗ ಒಂದು ಹಳೆಯ ಬಿಳಿ ಕಾರು ಕೊಂಡಿದ್ದಳು.

"ಎರಡಕ್ಕೂ ಏನ್ ಫರಕ್ರಿ ಚಾಚಾ?" ಎಂದು ಸುವರ್ಣಾ ನಮ್ಮಿಬ್ಬರತ್ತ ಬೆರಳು ಮಾಡಿದಳು.

"ಫರಕ್ ಅಂದ್ರ, ಆಕಿ ಇಳಕಲ್ ಸೀರಿ, ಈಕಿ ಮಿಲ್ ಸೀರಿ. ಮೈಯಂತೂ ಎರಡೂ ಮುಚ್ತಾವ."

"ಮತ್ತ ಮದಿವಿಗೆ ಯಾವುದು ಉಡ್ತಾರ್ರೀ?" ಎಂದ ವೀರೇಶ.

ಸಾಬರು ನಕ್ಕು, ದುಬಾರಿಯಕ್ಕನ ಗುಣಗಾನ ಶುರುಮಾಡಿದರು. "ರೋಡಿನಾಗ ಗದ್ದಲ ಇದ್ದರ ಮೊದಲ ಹೇಳ್ತಾಳ. ಹೊಸಾ ರೋಡ ಆದ್ರ ತಾನ ಕಲ್ಕೋತಾಳ. ರಿವರ್ಸ್ ಹಾಕಿದ್ರ ಹಿಂದಿನ ಇರವಿ ಸೈತ ಕಾಣಸ್ತೈತಿ. ಬಾಯಿಲೆ ಹೇಳಿದ್ರ ಸಾಕು, ತಿಳಕೋತಾಳ."

"ಮತ್ತ ಈಕಿ?"

"ಈಕಿಗೆ ಬೆರಳಿಲೆ ಬರದು ಹೇಳಬೇಕವ್ವಾ. ನಕ್ಷಾ ಹೊಟ್ಟ್ಯಾಗ ತುಂಬಿರ್ತೈತಿ, ತುಂಬಿದಾಗಿಂದು. ಹೊಸಾದು ಗೊತ್ತಾಗಂಗಿಲ್ಲ. ಹಾಡು ಮಾತ್ರ ಖಡಕ್."

ಸುವರ್ಣಾ ನಮ್ಮಿಬ್ಬರನ್ನೂ ನೋಡುತ್ತ ನಿಂತಳು. ಈ ಆಯ್ಕೆ ಅವಳಿಗೆ ಸಣ್ಣದಾಗಿರಲಿಲ್ಲ. ಶಾಲೆಗೆ ಬಿಡು, ದವಾಖಾನೆಗೆ ಬಿಡು ಎಂದು ಊರು ಅವಳನ್ನು ಕರೆಯುತ್ತಿತ್ತು. ಮದುಮಗಳನ್ನು ಕೂರಿಸಿಕೊಳ್ಳಲು ಮಾತ್ರ ಯಾರೂ ಕರೆಯುತ್ತಿರಲಿಲ್ಲ. ಶುಭಕಾರ್ಯಕ್ಕೆ ಹೆಣ್ಣುಮಗಳು ಗಾಡಿ ಹೊಡೆಯುವುದೇ ಎಂದು ಮೂಗು ಮುರಿಯುತ್ತಿದ್ದರು. ಅವಳ ಆಸೆಯೋ, ಅದೊಂದೇ. "ನನ್ನ ಮದಿವಿ ದಿನ ಆ ಡ್ರೈವರ್ ಕನ್ನಡ್ಯಾಗ ನನ್ನ ನೋಡಕೋತನ ಗಾಡಿ ಹೊಡದ್ರಿ ಚಾಚಾ," ಎಂದಳು. "ಅಳಾಕೂ ಆಗಲಿಲ್ಲ, ನಗಾಕೂ ಆಗಲಿಲ್ಲ. ತೌರು ಬಿಟ್ಟು ಹೋಗೋ ಹುಡುಗಿ ಮುಂದ ಒಬ್ಬಾಕಿ ಹೆಂಗಸು ಕುಂತಿರಬೇಕ್ರಿ."

ಈಗ ಬೆಟಗೇರಿಯ ಪಾರವ್ವ ಎಂಬ ಹಿರಿಯಳು ಒಂದು ಅವಕಾಶ ಕೊಟ್ಟಿದ್ದಳು. ಮೊಮ್ಮಗಳು ಅಕ್ಷತಾಳಿಗೆ ಕೊಪ್ಪಳದ ಆಚೆಯ ಹಳ್ಳಿಯಿಂದ ಸಂಬಂಧ ಬಂದಿತ್ತು. ಗಂಡಿನ ಮನೆ ನೋಡಲು ಹೋಗಬೇಕು. ಆ ಪಯಣ ನೆಟ್ಟಗಾದರೆ ಮದುವೆಯ ದಿನ ಮದುಮಗಳೂ ಸುವರ್ಣಾಳ ಕಾರಿನಲ್ಲೇ. ಆಗದಿದ್ದರೆ ಊರಿನ ಬಾಯಿಗೆ ಬೀಗ ಹಾಕುವವರಿಲ್ಲ.

"ತಗೋಳೋದಾದ್ರ ಛಲೋದ ತಗೋ," ಎಂದ ವೀರೇಶ.

"ಎರಡೂ ಒಯ್ಯವ್ವಾ," ಎಂದರು ಸಾಬರು. "ಆಕೀನ ಕೂಡಸ್ತೀನಿ, ಈಕಿ ಡಬ್ಬ್ಯಾಗ ಇರಲಿ. ಬ್ಯಾಡಾದಾಕೀನ ತಂದು ಕೊಡು."

ಹಾಗಾಗಿ ದುಬಾರಿಯಕ್ಕ ಸಿಂಹಾಸನ ಏರಿದಳು, ನಾನು ಕಾಲ ಬುಡದಲ್ಲಿ ಡಬ್ಬಿಯೊಳಗೆ ಕೂತೆ. ಮುಚ್ಚಳ ಅರೆ ತೆರೆದಿತ್ತು. ಮರುದಿನ ಬೆಳಿಗ್ಗೆ ಪಾರವ್ವ ಮುಂದಿನ ಸೀಟಿನಲ್ಲಿ ಕೂತಾಗ ಆಕೆಯ ಬೆಳ್ಳಿಯ ಕಾಲುಂಗುರಗಳೇ ನನಗೆ ಮೊದಲು ಕಂಡದ್ದು. ಹಿಂದೆ ಅಕ್ಷತಾ, ಅವಳ ಆಚೀಚೆ ಇಬ್ಬರು ಸೋದರತ್ತೆಯರು. ಮನೆ ನೋಡಲು ಹುಡುಗಿಯನ್ನು ಕರೆದೊಯ್ಯುವ ರೂಢಿಯಿಲ್ಲ. "ಬಾಳೇ ಮಾಡಾಕಿ ಆಕಿ, ಮನಿ ನೋಡವ್ರು ನಾವಷ್ಟನಾ?" ಎಂದು ಪಾರವ್ವನೇ ಹಟ ಹಿಡಿದಿದ್ದಳಂತೆ. ರಾಹುಕಾಲ ಬರುವ ಮೊದಲು ಆ ಮನೆ ಮುಟ್ಟಬೇಕು ಎಂಬುದೂ ಆಕೆಯದೇ ಅಪ್ಪಣೆ.

ಸುವರ್ಣಾ ದೇವರನ್ನು ನೆನೆದು ಕೀಲಿ ತಿರುಗಿಸಿದಳು. ದುಬಾರಿಯಕ್ಕ ಬೆಳಗಿದಳು. ಜೇನಿನಂಥ ದನಿಯಲ್ಲಿ ಕೇಳಿದಳು: "ನಮಸ್ಕಾರ. ಎಲ್ಲಿಗೆ ಹೋಗೋಣ?"

ಬೆಳ್ಳಿಯ ಕಾಲುಂಗುರಗಳು ಸರಕ್ಕನೆ ಹಿಂದೆ ಸರಿದವು.

"ಯಾರಕೀ?" ಎಂದಳು ಪಾರವ್ವ.

"ಮಷಿನ್ ಐತ್ರೀ ಅಜ್ಜೀ..."

"ಮಷಿನ್ ಆಗಲಿ, ಮಾರಾಯ್ತಿ ಆಗಲಿ, ಹೊಂಟವ್ರನ್ನ 'ಎಲ್ಲಿಗೆ' ಅಂತ ಕೇಳ್ತಾರಾ? ದೂರ ಹೊಂಟೀರಾ ಅನಬೇಕು, ಇಲ್ಲಾ ಸುಮ್ಮನಿರಬೇಕು. ಬಂದ್ ಮಾಡು ಗಾಡಿ. ಇಳೀರಿ ಎಲ್ಲಾರೂ."

ನಮ್ಮ ಕಡೆ ಇದು ಎಲ್ಲರಿಗೂ ಗೊತ್ತಿರುವ ಮಾತು; ಸಮುದ್ರದಾಚೆ ಯಾರಿಗೆ ಗೊತ್ತಿರಬೇಕು? ಅಪಶಕುನಕ್ಕೆ ಪರಿಹಾರವೂ ಇತ್ತು. ಎಲ್ಲರೂ ಪಾರವ್ವನ ಮನೆಯೊಳಗೆ ಹೋಗಿ, ಕಾಲು ತೊಳೆದು, ಗುಟುಕು ನೀರು ಕುಡಿದು, ಗಳಿಗೆ ಕೂತು, ಹೊಸದಾಗಿ ಹೊರಟು ಬಂದರು. ಸುವರ್ಣಾ ದನಿಯ ಗುಂಡಿಯನ್ನು ಪೂರ್ತಿ ಕೆಳಗಿಳಿಸಿ ಕೀಲಿ ತಿರುಗಿಸಿದಳು.

"ನಮಸ್ಕಾರ. ಎಲ್ಲಿಗೆ ಹೋಗೋಣ?"

ಆ ಸ್ವಾಗತದ ಮಾತು ಗುಂಡಿಯ ಅಂಕೆಯಲ್ಲೇ ಇರಲಿಲ್ಲ. ಮತ್ತೆ ಇಳಿದರು, ಮತ್ತೆ ಕಾಲು ತೊಳೆದರು. ಮೂರನೆಯ ಸಲ ಸುವರ್ಣಾ ದುಬಾರಿಯಕ್ಕನ ಬಾಯಿಗೆ ಸೆರಗಿನ ಗಂಟು ಅದುಮಿ ಹಿಡಿದಳು. ಗಂಟಿನೊಳಗಿಂದಲೂ "ಎಲ್ಲಿಗೆ" ಎಂಬುದು ಮಾತ್ರ ಸ್ಪಷ್ಟವಾಗಿ ಕೇಳಿಸಿತು. ಹಿಂದೆ ಕೂತ ಅತ್ತೆ, "ಇನ್ನೊಮ್ಮೆ ನೀರು ಕುಡದ್ರ ನನ್ನ ಹೊಟ್ಟಿ ಕೆರಿ ಆಕ್ಕೈತಿ," ಎಂದಳು. ಅಕ್ಷತಾ ನಗು ತಡೆಯಲಾಗದೆ ಕಿಟಕಿಗೆ ಹಣೆ ಹಚ್ಚಿದಳು. ಸುವರ್ಣಾ ಮಾತ್ರ ನಗಲಿಲ್ಲ. ಪಾರವ್ವ ಅವಳತ್ತ ತಿರುಗಿ ಹೇಳಿದಳು: "ನೋಡವ್ವಾ, ಈಕೀನ ಇಳಿಸು. ಇಲ್ಲಾ ನಾವು ಇಳೀತೀವಿ, ಬ್ಯಾರೆ ಗಾಡಿ ಹೇಳ್ತೀವಿ."

ಸುವರ್ಣಾ ಫೋನು ಮಾಡಿದಳು. ದಸ್ತಗೀರಸಾಬರು ಸ್ಕೂಟರಿನಲ್ಲಿ ಪಾರವ್ವನ ಅಂಗಳಕ್ಕೇ ಬಂದಿಳಿದರು. ಸಂಗತಿ ಕೇಳಿ ಹಣೆ ಬಡಿದುಕೊಂಡರು. "ಆ ಮಾತು ಕಂಪನಿಯವ್ರು ಹುಟ್ಟಾನ ಕಲಿಸಿ ಕಳಿಸ್ಯಾರವ್ವಾ, ನನ್ನ ಕೈಲೆ ಬಿಡಸಾಕ ಆಗಂಗಿಲ್ಲ." ತಂತಿ ಬಿಚ್ಚಿ ಅಕ್ಕನನ್ನು ಇಳಿಸಿದರು, ನನ್ನನ್ನು ಡಬ್ಬಿಯಿಂದ ಎತ್ತಿ ಕೂರಿಸಿದರು.

ಸುವರ್ಣಾ ಕೀಲಿ ತಿರುಗಿಸಿದಳು. ಎಲ್ಲರ ಕಣ್ಣೂ ನನ್ನ ಮೇಲೆ. ನಾನು ಬೆಳಗಿದೆ. ಬೆಳಗಿ, ಸುಮ್ಮನೆ ಕೂತೆ. ಯಾರಾದರೂ ಬರೆದು ಹೇಳುವ ತನಕ ನನಗೆ ಬಾಯಿಯೇ ಇಲ್ಲವಲ್ಲ!

ಪಾರವ್ವ ಸ್ವಲ್ಪ ಹೊತ್ತು ಕಿವಿಗೊಟ್ಟಳು. ಆಮೇಲೆ ನನ್ನ ಗುಂಡಿಗೆ ಕುಂಕುಮ ಹಚ್ಚಿದಳು. "ಈಕಿ ಶ್ಯಾಣ್ಯಾಕಿ. ಕೇಳಬಾರದ್ದು ಕೇಳಂಗಿಲ್ಲ. ನಡೀರಿ."

ಹೊರಟೆವು. ಸುವರ್ಣಾ ಆ ಮನೆಯ ವಿಳಾಸವನ್ನು ಆಗಲೇ ಬೆರಳಿನಿಂದ ನನ್ನ ಪರದೆಯ ಮೇಲೆ ಬರೆದಿದ್ದಳು. ಹೆದ್ದಾರಿಯಲ್ಲಿ ಹೊಸ ಬೈಪಾಸ್ ಬಂದಾಗ ನನಗೆ ಅದು ಗೊತ್ತೇ ಇರಲಿಲ್ಲ. ನನ್ನ ಪರದೆಯ ಮೇಲೆ ಕಾರು ರಸ್ತೆ ಬಿಟ್ಟು ಹೊಲದಲ್ಲಿ, ಆಮೇಲೆ ಒಂದು ಕೆರೆಯ ನಟ್ಟನಡುವೆ ತೇಲುತ್ತ ಹೋಯಿತು. "ಅಜ್ಜೀ, ನಾವು ಮೀನಾಗೀವಿ ನೋಡ," ಎಂದಳು ಅಕ್ಷತಾ. ಹೆದ್ದಾರಿಯ ದಾರಿ ಸುವರ್ಣಾಳಿಗೇ ಗೊತ್ತಿದ್ದರಿಂದ ಬಚಾವಾದೆ. ಆದರೆ ಆ ಹಳ್ಳಿಯ ಒಳದಾರಿ ಅವಳಿಗೆ ಗೊತ್ತಿರಲಿಲ್ಲ. ನನಗೆ ಗೊತ್ತಿದೆ ಎಂದು ನಾನು ತಿಳಿದಿದ್ದೆ. "ಎಡಕ್ಕೆ ತಿರುಗಿ," ಎಂದೆ. ತಿರುಗಿದಳು. "ನೇರ ಹೋಗಿ," ಎಂದೆ. ಹೋದಳು. ಸಿಮೆಂಟಿನ ರಸ್ತೆ ಮುಗಿದು ಬಂಡಿಯ ಜಾಡು ಬಂತು, ಎರಡೂ ಕಡೆ ಕಳ್ಳಿ ಬೇಲಿ, ಬಣವೆ, ತಿಪ್ಪೆ. "ನೀವು ತಲುಪಿದ್ದೀರಿ," ಎಂದೆ.

ರಾಹುಕಾಲಕ್ಕೆ ಮೊದಲೇ ತಲುಪಿದ್ದು ಸರಿ, ತಲುಪಿದ್ದು ಹಿತ್ತಲಿಗೆ. ನನ್ನ ಹೊಟ್ಟೆಯೊಳಗಿದ್ದದ್ದು ಹಳೆಯ ಕಾಲದ ದಾರಿ.

ಅಲ್ಲಿ ಬನಿಯನ್ನು ತೊಟ್ಟ ಒಬ್ಬ ಹುಡುಗ ಒರಳಿನ ಮುಂದೆ ಕೂತು ಒಣಮೆಣಸಿನಕಾಯಿ, ಶೇಂಗಾ ಹಾಕಿ ಚಟ್ನಿ ಕುಟ್ಟುತ್ತಿದ್ದ. ಅವನ ತಾಯಿ ಪಕ್ಕದಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. ಅವನ ಹೊಸ ಅಂಗಿ ತಂತಿಯ ಮೇಲೆ ಒಣಗುತ್ತಿತ್ತು. ಅವನೇ ಮಹಾಂತೇಶ, ನೋಡಬೇಕಾದ ಗಂಡು. ಕಾರು ಕಂಡು ಎದ್ದು ನಿಂತ, ಅಕ್ಷತಾಳನ್ನು ಕಂಡು ಹಾಗೇ ನಿಂತುಬಿಟ್ಟ. ಗಿಡ್ಡ ಒನಕೆ ಕೈಯಲ್ಲೇ ಇತ್ತು. ಖಾರ ಮೂಗಿಗೇರಿ ಒಂದು ಸೀನು ಸೀನಿದ. ಒಂಟಿ ಸೀನು ಕೆಟ್ಟದ್ದು. ಅತ್ತೆಯರು ಎದೆ ಹಿಡಿದುಕೊಂಡರು. ಪುಣ್ಯಕ್ಕೆ ಇನ್ನೊಂದು ಸೀನಿದ. ಅಕ್ಷತಾಳ ನಗು ಈ ಸಲ ಕಿಟಕಿಯ ಮಾತು ಕೇಳಲಿಲ್ಲ.

"ಅಯ್ಯ ಶಿವನ, ಮುಂಬಾಗಲಕ ರಂಗೋಲಿ ಹಾಕೀವ್ರೀ! ಆರತಿ ಹಿಡಕೊಂಡು ಅಲ್ಲೆ ನಿಂತಾರ್ರೀ!" ಎಂದು ತಾಯಿ ಒದ್ದಾಡಿದಳು.

ಸುವರ್ಣಾಳ ಅಂಗೈ ನನ್ನ ಗುಂಡಿಯ ಮೇಲಿತ್ತು. ಅವಳ ಆಸೆಯನ್ನು ನಾನೇ ತಿಪ್ಪೆಯ ಪಕ್ಕಕ್ಕೆ ತಂದು ನಿಲ್ಲಿಸಿದ್ದೆ.

ಪಾರವ್ವ ಇಳಿದಳು. ಬಾನಿಯ ಮುಚ್ಚಳ ಎತ್ತಿ ನೀರು ನೋಡಿದಳು. ಎಮ್ಮೆಯ ಬೆನ್ನು ಸವರಿ ಅಂಗೈ ನೋಡಿಕೊಂಡಳು. ಬಚ್ಚಲ ಮೋರಿ, ಸಗಣಿ ಕುಳ್ಳಿನ ಒಟ್ಟು, ತೊಳೆದು ಬೋರಲು ಹಾಕಿದ ಪಾತ್ರೆ, ಎಲ್ಲವನ್ನೂ ನೋಡುತ್ತ ಹಿತ್ತಲು ಸುತ್ತಿದಳು. ಕೊನೆಗೆ ಒರಳಿನ ಬಳಿ ಬಂದು ಚಿಟಿಕೆ ಚಟ್ನಿ ನಾಲಿಗೆಗೆ ಇಟ್ಟುಕೊಂಡಳು.

"ಉಪ್ಪು ಕಮ್ಮಿ ಆತು," ಎಂದಳು. ಆಮೇಲೆ ಎರಡೂ ಕೈ ಸೊಂಟದ ಮೇಲಿಟ್ಟು ನಕ್ಕಳು. "ಮುಂಬಾಗಲಾ ಯಾರರ ಸಿಂಗಾರ ಮಾಡ್ತಾರ್ರೇ! ಮನಿ ನೋಡೋದಂದ್ರ ಹಿತ್ತಲಾ ನೋಡಬೇಕು. ಎಷ್ಟೋ ಮನಿ ನೋಡಿ ಬಂದೀನಿ, ಒಂದರ ಹಿತ್ತಲಾನೂ ಯಾರೂ ತೋರಿಸಲಿಲ್ಲ. ತಾಯಿ ಕೂಡ ಕುಂತು ಚಟ್ನಿ ಕುಟ್ಟೋ ಗಂಡು ಎಲ್ಲಿ ಸಿಗ್ತೈತಿ? ಸುವರ್ಣಾ, ಛಲೋ ಕಡಿಗೇ ಕರಕೊಂಡು ಬಂದೀ ಬಿಡವ್ವಾ. ಮದಿವಿ ದಿನಾನೂ ನೀನ ಬರಬೇಕ, ಈಗ ಹೇಳಿರ್ತೀನಿ."

ಸುವರ್ಣಾ ಸ್ಟೀರಿಂಗಿನ ಮೇಲೆ ತಲೆಯಿಟ್ಟಳು. ಹಾರ್ನು ಒತ್ತಿ ಹೋಯಿತು. ಎಮ್ಮೆ ಬೆದರಿತು, ಮುಂಬಾಗಿಲಿನಿಂದ ಆರತಿಯ ತಟ್ಟೆ ಹಿಡಿದವರೆಲ್ಲ ಹಿತ್ತಲಿಗೇ ಓಡಿ ಬಂದರು.

ಮದುವೆಯ ದಿನ ನನಗೆ ಮಲ್ಲಿಗೆಯ ಮಾಲೆ. ಮದುಮಗಳು ಹತ್ತಿದೊಡನೆ ಸುವರ್ಣಾ ಒಳಗನ್ನಡಿಯನ್ನು ಚಾವಣಿಯ ಕಡೆ ತಿರುಗಿಸಿ ಹೇಳಿದಳು: "ಅಳೋದಿದ್ರ ಅಳು, ನಗೋದಿದ್ರ ನಗು, ನಾ ನೋಡಂಗಿಲ್ಲ." ಅಕ್ಷತಾ ಬೆಟಗೇರಿ ದಾಟುವ ತನಕ ಅತ್ತಳು. ಕೊಪ್ಪಳ ಬರುವಷ್ಟರಲ್ಲಿ ನನ್ನ ಹಾಡಿಗೆ ದನಿ ಸೇರಿಸುತ್ತಿದ್ದಳು.

ದುಬಾರಿಯಕ್ಕನಿಗೂ ಒಳ್ಳೆಯ ಮನೆ ಸಿಕ್ಕಿತು. ಒಬ್ಬ ಡಾಕ್ಟರರ ಕಾರು. ಅವಳು "ಎಲ್ಲಿಗೆ ಹೋಗೋಣ" ಎಂದಾಗಲೆಲ್ಲ ಅವರ ಪುಟ್ಟ ಮಗಳು "ಚಂದಮಾಮನ ಮನೀಗೆ" ಎನ್ನುತ್ತಾಳೆಂದು ಸಾಬರು ಹೇಳಿದರು. ಕೇಳುವ ಪ್ರಶ್ನೆಗೆ ತಕ್ಕ ಮನೆ ಸಿಗುವುದೂ ಅದೃಷ್ಟವೇ.

ನಾನು ಎಷ್ಟು ಮದುಮಕ್ಕಳನ್ನು ಕಳಿಸಿಕೊಟ್ಟೆನೋ ಲೆಕ್ಕವಿಟ್ಟಿಲ್ಲ. ಮೆಹಂದಿಯ ಬೆರಳು, ಅರಿಸಿನದ ಬೆರಳು, ಹಸಿರು ಬಳೆಯ ಕೈ ನನ್ನ ಮುಖ ಮುಟ್ಟಿದವು. ನನ್ನ ಪರದೆಯ ಎಡಭಾಗ ಕಪ್ಪಾಯಿತು. ಕಾರಿಗೂ ವಯಸ್ಸಾಗಿ ಗುಜರಿಗೆ ಹೊರಟಾಗ ಸುವರ್ಣಾ ತಾನೇ ಸ್ಕ್ರೂ ಬಿಚ್ಚಿ ನನ್ನನ್ನು ಮಡಿಲಲ್ಲಿಟ್ಟುಕೊಂಡಳು. ಅವಳ ಹೊಸ ಕಾರಿನಲ್ಲಿ ದೊಡ್ಡ ಪರದೆ ಕಾರಿನೊಂದಿಗೇ ಬಂದಿತ್ತು. ನಾನು ವೀರೇಶನ ಗಿರಣಿಯ ಮೂಲೆ ಸೇರಿದೆ.

ಈಗ ನನ್ನ ಕೈಲಾಗುವುದು ರೇಡಿಯೊ ಒಂದೇ. ಮುಖದ ತುಂಬ ಜೋಳದ ಹಿಟ್ಟು. ನನಗೆ ಇದೊಂದು ಬಗೆಯ ಪೌಡರು. ಅಗ್ಗದ ಮಾಲು ಬಾಳಿಕೆ ಬರುವುದಿಲ್ಲ ಎನ್ನುತ್ತಾರೆ. ಬಾಳಿಕೆ ಎಂದರೇನೆಂದು ನನಗೆ ತಿಳಿಯದು, ಬಾಳು ಮಾತ್ರ ತಿಳಿದಿದೆ: ನನ್ನಲ್ಲಿ ಇದ್ದದ್ದರಿಂದ ಒಂದಷ್ಟು ಒಳ್ಳೆಯದಾಯಿತು, ಇಲ್ಲದ್ದರಿಂದ ಇನ್ನೂ ಹೆಚ್ಚು.

ನಿನ್ನೆ ಇಬ್ಬರು ಹೆಂಗಸರು ಹಿಟ್ಟಿಗೆ ಕಾಯುತ್ತ ಕೂತಿದ್ದರು. ಒಬ್ಬಳ ಮಗಳಿಗೆ ಮದುವೆ ಗೊತ್ತಾಗಿತ್ತು. ಸ್ವಾಮಿಗಳ ಹತ್ತಿರ ಮುಹೂರ್ತ ಕೇಳಲು ಹೊರಟಿದ್ದಳು. ಇನ್ನೊಬ್ಬಳು ಅವಳ ಸೆರಗು ಹಿಡಿದು ಕೂರಿಸಿದಳು.

"ಕುಂದ್ರ, ಏನ್ ಅವಸರ? ಸುವರ್ಣಕ್ಕನ ಗಾಡಿ ಯಾವತ್ತು ಖಾಲಿ ಐತಿ, ಅದನ್ನ ಮೊದಲ ಕೇಳು. ಪಂಚಾಂಗ ಆಮ್ಯಾಲೆ ತಗಸೀಯಂತ."

ಗಿರಣಿಯ ಪಟ್ಟಾ ಗಿರ್ರನೆ ತಿರುಗಿತು. ಹಿಟ್ಟು ಬೆಚ್ಚಗೆ ಸುರಿಯಿತು. ನಾನು ರೇಡಿಯೊದ ದನಿ ಚೂರು ಏರಿಸಿಕೊಂಡೆ.