ಅಳಿಯನ ಬಂಗಾರದ ಕಾರ್ಡು

ಮೊಣಕಾಲಿನ ಆಪರೇಷನ್ ಆಗಿದ್ದ ಅತ್ತೆಗೆ, ವಿಮಾನದಲ್ಲಿ ನಾಲ್ಕು ಗಂಟೆ ಕಾಲು ಮಡಚಿ ಹೇಗೆ ಕೂರುವುದೆಂಬುದೇ ಚಿಂತೆ. ವಾರಕ್ಕೆರಡು ಸಲ ಹಾರುವ ಅಳಿಯನಿಗೆ ವಿಮಾನದವರು ಬಂಗಾರದ ಬಣ್ಣದ ಕಾರ್ಡು ಕೊಟ್ಟಿದ್ದರು. ಅದನ್ನು ತೋರಿಸಿದರೆ ಕಾಲು ಚಾಚುವ ಸೀಟು ಅವನಿಗೊಂದು, ಜೊತೆಯವರಿಗೊಂದು. ಆ ಎರಡನೆಯದನ್ನು ಅವನು ಅದೇ ವಿಮಾನಕ್ಕೆ ಬಂದಿದ್ದ ತನ್ನ ಆಫೀಸಿನ ಸಾಹೇಬನಿಗೆ ಕೊಡಿಸಿ, ಅತ್ತೆಯನ್ನು ಕೊನೆಯ ಸಾಲಿಗೆ ಅಟ್ಟಿದ.

“ಹತ್ತು ವರ್ಷ ಹಾರಿ ಸಂಪಾದಿಸಿದ ಮರ್ಯಾದೆ ಅತ್ತೆ, ಯಾರಿಗೆ ಅಂತ ನೋಡಿ ಕೊಡ್ಬೇಕಾಗುತ್ತೆ.”

“ಹತ್ತು ವರ್ಷಕ್ಕೆ ಗೇಣುದ್ದ ಜಾಗವಾ ಅಳಿಯಂದ್ರೇ? ನೀವೇ ಇಟ್ಕೊಳ್ಳಿ.”

ಕುಳ್ಳ ಅಳಿಯನ ಕಾಲು ಆ ಸೀಟಿನಲ್ಲಿ ನೆಲಕ್ಕೂ ಎಟುಕುತ್ತಿರಲಿಲ್ಲ. ಆಕೆ ಹಿಂದೆ ಹೋಗಿ, ಅಂಚಿನ ಸೀಟು ಕೇಳಿ ಪಡೆದು, ಓಡಾಡುವ ದಾರಿಗೇ ಕಾಲು ಚಾಚಿ ಕೂತಳು. ಸ್ವಲ್ಪ ಹೊತ್ತಿಗೆ ಅಳಿಯ ಸಾಹೇಬನಿಗೆ ಹಿಂದಿನ ಶೌಚಾಲಯ ತೋರಿಸಲು ಬಂದ.

“ಅತ್ತೆ, ಸ್ವಲ್ಪ ಕಾಲು ತೆಗೀರಿ.”

“ಇದು ಮಡಚಲ್ಲ ಅಂತ ಗೊತ್ತಿದ್ದೇ ಅಲ್ವಾ ಇಲ್ಲಿ ಕೂರಿಸಿದ್ದು?” ಎಂದು ಆಕೆ ಸಾಹೇಬನ ಮುಖ ನೋಡಿ ಹೇಳಿದಳು.